ಇಲಿ ಬಾಣಂತನದ ಭೀಮಬಾಯಿ

ಇಲಿ ಹಡೆದರೆ ಸಕ್ಕರೆ ಹಂಚುವ ಹೆಂಗಸು ಅಂದರೆ ನಾನು ಕಂಡಂತೆ ಭೀಮಬಾಯಿ ಒಬ್ಬಳೇ. ಆಕೆಯ ಸೆರಗಿನ ತುದಿಯಲ್ಲಿ ಸಕ್ಕರೆ ಗಂಟು ಯಾವಾಗಲೂ ಸಿದ್ಧವಾಗಿರುತ್ತಿತ್ತು. ಬೆಳಿಗ್ಗೆ ಬಂದವಳೇ ಪಂಜರಗಳಲ್ಲಿ ಬಗ್ಗಿ ನೋಡುತ್ತಿದ್ದಳು. ಯಾವುದಾದರೂ ಒಂದರಲ್ಲಿ ಕೆಂಪಗೆ ಮಿಸುಕಾಡುವ ಮರಿಗಳು ಕಂಡವೋ, ಕೈ ತೊಳೆದುಕೊಂಡು, ಗಂಟು ಬಿಚ್ಚುತ್ತ ಕಾರಿಡಾರಿಗೆ ಬಂದುಬಿಡುವಳು. ಎದುರಿಗೆ ಸಿಕ್ಕವರ ಬಾಯಿಗೆಲ್ಲ ಒಂದೊಂದು ಚಿಟಿಕೆ. ಬೇಡ ಅನ್ನುವ ಹಾಗಿಲ್ಲ. ಒಮ್ಮೆ ನಮ್ಮ ಪ್ರಿನ್ಸಿಪಾಲರು ಸಿಕ್ಕಿಬಿದ್ದರು. ಸಕ್ಕರೆ ಕಾಯಿಲೆಯವರು, ಪಾಪ. ಆದರೂ ಶುಭ ಸುದ್ದಿಗೆ ಇಲ್ಲ ಅನ್ನಬಾರದೆಂದು ಬಾಯಿ ತೆರೆದು, ಚಪ್ಪರಿಸುತ್ತ, “ಯಾರ ಮನ್ಯಾಗ ಹಡದಾರವಾ?” ಎಂದು ಕೇಳಿದರು.

“ಮೂರನೇ ಪಂಜರದಾಗ್ರಿ. ಹನ್ನೊಂದು ಮಕ್ಕಳು. ತಾಯಿ ಆರಾಮ ಅದಾಳ್ರಿ.”

ಪ್ರಿನ್ಸಿಪಾಲರು ಉಗುಳುವುದೋ ನುಂಗುವುದೋ ತಿಳಿಯದೆ ಬಾಯಿ ಮುಚ್ಚಿಕೊಂಡು ತಮ್ಮ ಕೋಣೆಗೆ ನಡೆದರು.

ಭೀಮಬಾಯಿ ಅಫಜಲಪುರ ತಾಲೂಕಿನ ಅತನೂರಿನವಳು. ಅಲ್ಲಿ ಆಕೆ ಸೂಲಗಿತ್ತಿ. ಊರಿನ ಅರ್ಧ ಮಂದಿ ತನ್ನ ಕೈಯಾಗಿಂದಲೇ ಜಾರಿ ಭೂಮಿಗೆ ಬಿದ್ದವರು ಎಂದು ಹೇಳಿಕೊಳ್ಳುತ್ತಿದ್ದಳು. ಆಮೇಲೆ ಕಾಲ ಬದಲಾಯಿತು. “ಈಗ ಬ್ಯಾನಿ ಶುರು ಆದ್ರ ಫೋನ್ ಹಚ್ಚತಾರ, ಗಾಡಿ ಬರ್ತದ, ಒಯ್ತಾರ. ನಾ ಕಟ್ಟಿ ಮ್ಯಾಲ ಕುಂತು ಗಾಡಿ ಧೂಳ ನೋಡಬೇಕು. ಒಳ್ಳೇದೇ ಆಗ್ಯಾದ ಬಿಡು, ಹಡಿಯಾಕ ಹೋಗಿ ಸಾಯೂದು ತಪ್ಪ್ಯಾದ. ಆದ್ರ ಈ ಕೈಗೆ ಸುಮ್ಮನ ಕುಂದ್ರಾಕ ಬರಂಗಿಲ್ಲ ಬೇ” ಎನ್ನುವಳು. ಮಗ ಆಳಂದದಲ್ಲಿ ಟಂಟಂ ಆಟೊ ಓಡಿಸುತ್ತಿದ್ದ. ಅವನ ಜೊತೆ ಇರಲು ಬಂದವಳು ನಮ್ಮ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಪ್ರಾಣಿಶಾಸ್ತ್ರ ವಿಭಾಗದ ಹಿಂದೆ ಇಲಿ ಸಾಕುವ ಎರಡು ಕೋಣೆಗಳಿದ್ದವು. ಅಲ್ಲಿ ವಾರಕ್ಕೊಂದು ಹೆರಿಗೆ. ಭೀಮಬಾಯಿ ಒಮ್ಮೆ ಆ ಬಾಗಿಲು ದಾಟಿದ್ದೇ ತಡ, ಕಾಲೇಜಿನ ಉಳಿದ ಕಸವೆಲ್ಲ ಅನಾಥವಾಯಿತು.

ಆ ಇಲಿಗಳು ನನ್ನವು. ನನ್ನ ಸಂಶೋಧನೆಯ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಎರಡು ಸಾಲು ಆಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಕನ್ನಡದಲ್ಲಿ ಹೇಳಿದರೆ ಅರ್ಧ ಸಾಲು, ಕೇಳಿದವರು ನೆಲ ನೋಡುತ್ತಿದ್ದರು. ಹುಟ್ಟಿದ ಮೊದಲ ಐದು ದಿನಗಳಲ್ಲಿ ಗಂಡು ಇಲಿಮರಿಗೆ ಹೆಣ್ಣು ಹಾರ್ಮೋನು ಸೋಕಿದರೆ, ಬೆಳೆದ ಮೇಲೆ ಅದರ ಗಂಡಸುತನ ಏನಾಗುತ್ತದೆ? ಇಷ್ಟೇ. ಅರ್ಧ ತಾಯಂದಿರ ಗಂಡುಮರಿಗಳಿಗೆ ಎಳ್ಳೆಣ್ಣೆಯಲ್ಲಿ ಕರಗಿಸಿದ ಹಾರ್ಮೋನಿನ ಸೂಜಿ. ಆ ಪಂಜರಗಳಿಗೆ ಕೆಂಪು ಚೀಟಿ. ಉಳಿದರ್ಧದ ಮರಿಗಳಿಗೆ ಬರೀ ಎಳ್ಳೆಣ್ಣೆಯ ಸೂಜಿ, ಹಸಿರು ಚೀಟಿ. ಇವು ಹೋಲಿಸಿ ನೋಡುವುದಕ್ಕೆ ಇಟ್ಟವು, ನಮ್ಮ ಮಾತಿನಲ್ಲಿ ಕಂಟ್ರೋಲ್. ದೊಡ್ಡವಾದ ಮೇಲೆ ವೃಷಣಗಳ ತೂಕ, ವೀರ್ಯಾಣುಗಳ ಸಂಖ್ಯೆ, ಹೆಣ್ಣಿನ ಕಡೆಗೆ ಹೋಗುವ ಹುಮ್ಮಸ್ಸು ಎಲ್ಲವನ್ನೂ ನೋಡಬೇಕು. ಅದಕ್ಕೂ ಮೊದಲು ಮರಿಗಳ ಬಾಲ ಎತ್ತಿ, ಮಲದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಅಳೆಯಬೇಕು. ಗಂಡಿನಲ್ಲಿ ಅದು ಉದ್ದ, ಹೆಣ್ಣಿನಲ್ಲಿ ಗಿಡ್ಡ. ಹಾರ್ಮೋನು ಏರುಪೇರಾದರೆ ಮೊದಲ ಸುಳಿವು ಅಲ್ಲೇ ಸಿಗುವುದು. ನಾನು ಕ್ಯಾಲಿಪರ್ ಹಿಡಿದು, ಕಣ್ಣು ಕಿರಿದು ಮಾಡಿ ಅಳೆಯುತ್ತ ಕೂತರೆ ಭೀಮಬಾಯಿ ಬಾಯಿಗೆ ಸೆರಗು ಹಿಡಿದು ನಗುವಳು.

“ನಿಮ್ಮಪ್ಪ ಜೇವರ್ಗ್ಯಾಗ ತೊಗರಿ ವ್ಯಾಪಾರ ಮಾಡಿ ನಿನಗ ಇಷ್ಟು ಓದಿಸಿದ್ದು ಇದನ್ನ ಅಳಿಯಾಕೇನ್ ಬೇ, ಸುವರ್ಣಾ?”

ನನಗೆ ನಗುವ ಪುರಸೊತ್ತು ಇರಲಿಲ್ಲ. ನನ್ನ ಗೈಡ್ ಚನ್ನಮಲ್ಲಪ್ಪ ಸರ್ ಮರುವರ್ಷ ನಿವೃತ್ತರಾಗುವವರು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಬೇರೆ ಗೈಡ್ ಹುಡುಕಬೇಕು. ನಮ್ಮ ಭಾಗದಲ್ಲಿ ಇಲಿ ಮುಟ್ಟುವ ಇನ್ನೊಬ್ಬ ಗೈಡ್ ಇರಲಿಲ್ಲ. ಜೇವರ್ಗಿಯಲ್ಲಿ ನಮ್ಮವ್ವ ಆಗಲೇ, “ಕಲತದ್ದು ಸಾಕು, ಇನ್ನ ಬಾ” ಎಂದು ಗಂಡು ನೋಡಲು ಹೊರಟಿದ್ದಳು.

ನನ್ನ ಪ್ರಯೋಗ ಏನೆಂದು ಭೀಮಬಾಯಿಗೆ ಒಂದು ದಿನ ಕೂರಿಸಿಕೊಂಡು ಹೇಳಿದೆ. ಎಲ್ಲ ಕೇಳಿ, “ಅಂದ್ರ ಐದು ದಿನದ ಒಳಗೇ ಎಲ್ಲಾ ಫೈಸಲಾ ಆಗ್ತದ ಅಂತೀ?” ಎಂದಳು.

“ಹೌದಾಯಿ. ಆಮ್ಯಾಲ ಕೊಟ್ರ ಅಷ್ಟು ಪರಿಣಾಮ ಆಗಂಗಿಲ್ಲ.”

“ಮತ್ತ ಸಟವಿ ತಾಯಿ ಏನ್ ಮಾಡಬೇಕು?”

ನಮ್ಮ ಕಡೆ ಕೂಸು ಹುಟ್ಟಿದ ಐದನೇ ದಿನ ಸಟವಿ ತಾಯಿ ಬಂದು ಅದರ ಹಣೆಬರಹ ಬರೆದು ಹೋಗುತ್ತಾಳೆ. ಆಕೆಗೆ ತೊಂದರೆಯಾಗಬಾರದೆಂದು ಕೂಸಿನ ತಲೆದೆಸೆಯಲ್ಲಿ ದೀಪ, ಹಾಳೆ, ಪೆನ್ನು ಇಡುತ್ತಾರೆ. ಭೀಮಬಾಯಿಯ ತಕರಾರು ಅಲ್ಲಿತ್ತು. “ನೀ ಅಕಿಗಿಂತ ಮೊದ್ಲ ಹೋಗಿ ಚುಚ್ಚಿ ಬರಾಕತ್ತೀ. ಅಕಿ ಬಂದು ನೋಡಿದ್ರ ಹಣಿ ಮೊದ್ಲೇ ಬರದದ. ಸಿಟ್ಟು ಬರಂಗಿಲ್ಲೇನು ಅಕಿಗೆ?”

ಮರಿಗಳು ಹುಟ್ಟಿದ ಐದನೇ ದಿನ ಸಂಜೆ ಚನ್ನಮಲ್ಲಪ್ಪ ಸರ್ ಇಲಿ ಕೋಣೆಗೆ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಪಂಜರಗಳ ಸಾಲಿನ ಮುಂದೆ ಒಂದು ಬಿಳಿ ಹಾಳೆ, ಮುಚ್ಚಳವಿಲ್ಲದ ಒಂದು ಪೆನ್ನು. ದೀಪ ಹಚ್ಚಲು ಅಲ್ಲಿ ಪರವಾನಗಿ ಇರಲಿಲ್ಲವಾದ್ದರಿಂದ ಭೀಮಬಾಯಿ ತನ್ನ ಮೊಬೈಲಿನ ಟಾರ್ಚು ಹೊತ್ತಿಸಿ ಗೋಡೆಗೆ ಒರಗಿಸಿದ್ದಳು.

“ಏನಿದು?”

“ಸಟವಿ ಬರೀಲಾಕ್ರಿ, ಸರ್.”

“ಅಕಿ ಬಂದು ಡಾಟಾ ಬರೀತಾಳೇನು?”

“ಬರೀಲಿ ಬಿಡ್ರಿ. ಈ ಹುಡಿಗಿ ಬರದದ್ದು ನಿಮಗ ಒಮ್ಮೆರ ಪಸಂದ ಆಗ್ಯಾದೇನು?”

ಸರ್ ಟಾರ್ಚು ಆರಿಸದೆ ಹೊರಗೆ ಹೋದರು. ಅವರ ಮನೆಯಲ್ಲಿಯೂ ಮೊಮ್ಮಗ ಹುಟ್ಟಿ ಆಗ ತಿಂಗಳಾಗಿತ್ತು.

ಅದೇ ದಿನಗಳಲ್ಲಿ ಅಫಜಲಪುರದ ಒಂದು ಮನೆಯವರು ನನ್ನನ್ನು ನೋಡಲು ಬಂದರು. ಆಳಂದದಲ್ಲಿ ಅವರಿಗೆ ಯಾವುದೋ ಕಾರ್ಯವಿತ್ತಂತೆ, ಹೋಗುತ್ತ ಹುಡುಗಿಯ ಕಾಲೇಜಿಗೂ ಒಂದು ಹೆಜ್ಜೆ ಇಟ್ಟು ಹೋಗೋಣವೆಂದು ತಾಯಿ ಮಗ ಇಬ್ಬರೇ ಬಂದರು. ಹುಡುಗ ರಾಜಶೇಖರ, ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು, ಒತ್ತಾದ ಮೀಸೆ. ಚಹ ತಂದವಳು ಭೀಮಬಾಯಿ. ಹುಡುಗನ ತಾಯಿ ನನ್ನನ್ನು ಬಿಟ್ಟು ಆಕೆಯನ್ನೇ ಕೇಳಿದರು. “ಹುಡುಗಿ ಏನ್ ಓದಾಕತ್ತಾಳ್ರಿ?”

ನಾನು ಕಣ್ಣುಸನ್ನೆ ಮಾಡಿದೆ, ಕೆಮ್ಮಿದೆ. ಏನೂ ಪ್ರಯೋಜನವಾಗಲಿಲ್ಲ.

“ಭಾರಿ ಓದ್ರಿ. ಗಂಡಿಲಿ ಹುಟ್ಟಿದ ಕೂಡ್ಲೇ ಸೂಜಿ ಚುಚ್ಚತಾಳ. ಬೆಳದ ಮ್ಯಾಲ ಅದು ಖರೇ ಗಂಡಸು ಆಗ್ತದೋ, ಬರೇ ಮೀಸಿ ಇಟ್ಕೊಂಡು ತಿರಗತದೋ ಅಂತ ನೋಡ್ತಾಳ್ರಿ.”

ಹುಡುಗನ ಕೈ ತನಗೆ ತಾನೇ ಮೀಸೆಗೆ ಹೋಯಿತು. ತಾಯಿ ಕಪ್ಪು ಕೆಳಗಿಟ್ಟರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹುಡುಗ ಗಂಭೀರವಾಗಿ, “ಅದು ಗೊತ್ತಾಗೂದು ಹ್ಯಾಂಗ್ರಿ?” ಎಂದು ಕೇಳಿಬಿಟ್ಟ.

“ಹೆಣ್ಣಿಲಿ ಮುಂದ ಬಿಡ್ತಾಳ್ರಿ. ಕೆಲವು ಓಡಿ ಹೋಗ್ತಾವ. ಕೆಲವು ಮೂಲ್ಯಾಗ ಕುಂತು ಸುಮ್ಮನ ಮಾರಿ ತಿಕ್ಕೋತಾವ.”

ಚಹ ಹುಡುಗನ ಮೂಗಿಗೇರಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ತಾಯಿ ಅವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ನಾನು ಕೋಣೆ ಸೇರಿ ಅತ್ತೆ. ಭೀಮಬಾಯಿಯ ಜೊತೆ ಮಾತು ಬಿಟ್ಟೆ. ಆಕೆಗೆ ಅದರ ಚಿಂತೆಯೇ ಇರಲಿಲ್ಲ. “ನಗಲಿಲ್ಲೇನು ಅವ? ನಗೂ ಗಂಡು ಚಲೋ ಬೇ. ಮೂಲ್ಯಾಗ ಕುಂದ್ರಂಗಿಲ್ಲ” ಎಂದು ಪಂಜರ ತೊಳೆಯುತ್ತ ಹೇಳಿದಳು. ಕೆಲವು ದಿನಗಳಲ್ಲಿ ಅಫಜಲಪುರದಿಂದ ಫೋನು ಬಂತು. ಹುಡುಗನಿಗೆ ಒಪ್ಪಿಗೆ. ಅವನ ತಾಯಿಯದು ಎರಡೇ ಷರತ್ತು. ಓದು ಪೂರಾ ಮುಗಿದ ಮೇಲೇ ಮದುವೆ, ತಮ್ಮ ಮನೆಗೆ ಇಲಿ ಬರಕೂಡದು. ಹೀಗೆ ನನ್ನ ಪದವಿಯ ಜೊತೆಗೆ ಮದುವೆಯೂ ಆ ಇಲಿಗಳ ಬಾಲಕ್ಕೆ ಕಟ್ಟಿಕೊಂಡಿತು.

ಮರಿಗಳು ಬೆಳೆದು ದೊಡ್ಡವಾದವು. ಕೊಯ್ದು ನೋಡುವ ದಿನ ಭೀಮಬಾಯಿಗೆ ಜ್ವರ. ಅಂಥ ದಿನ ಆಕೆಗೆ ತಪ್ಪದೆ ಜ್ವರ ಬರುತ್ತಿತ್ತು. ನಾನು ತೂಕ ಮಾಡಿ, ಎಣಿಸಿ, ಲೆಕ್ಕ ಹಾಕಿ ಸರ್ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಏನವಾ ಇದು? ಹಾರ್ಮೋನಿಗೂ ಎಳ್ಳೆಣ್ಣಿಗೂ ಏನೂ ಫರಕಿಲ್ಲ ಅಂತ ಬರೀತಿಯೇನು?”

ಹೌದು. ಕೆಂಪು ಚೀಟಿಯ ಗಂಡುಗಳು ಕೆಡಬೇಕಾದಂತೆಯೇ ಕೆಟ್ಟಿದ್ದವು. ಆದರೆ ಸರಿಯಾಗಿರಬೇಕಾದ ಹಸಿರು ಚೀಟಿಯವೂ ಅವುಗಳ ಹಿಂದೆಯೇ ಹೊರಟಿದ್ದವು. ಅಂತರ ಗಿಡ್ಡ, ವೃಷಣ ಹಗುರ. ಮೇಲಾಗಿ ಅವು ದುಂಡಗೆ, ಮೈತುಂಬ ಕೊಬ್ಬಿ, ಹೆಣ್ಣಿಲಿ ಎದುರಿಗೆ ಬಂದರೂ ಆಕಳಿಸುತ್ತಿದ್ದವು. ಸೂಜಿ ಅದಲುಬದಲಾಯಿತೇ? ಚೀಟಿ ತಪ್ಪಿತೇ? ಎಲ್ಲ ಮತ್ತೆ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಎರಡು ದಿನ ಅನ್ನ ಸೇರಲಿಲ್ಲ.

ಗುಟ್ಟು ಒಡೆದದ್ದು ಇರುವೆಗಳಿಂದ. ಉಳಿದ ಇಲಿಗಳಿಗೆ ನೀರಿಡಲು ಹೋದಾಗ ಕಿಟಕಿಯಿಂದ ಒಂದು ಸಾಲು ಇಳಿದು ಬರುತ್ತಿತ್ತು. ಅದು ಕೆಂಪು ಚೀಟಿಯ ಪಂಜರಗಳ ಮುಂದೆ ಹಾದು, ಒಂದರೊಳಗೂ ಇಣುಕದೆ, ನೆಟ್ಟಗೆ ಹಸಿರು ಚೀಟಿಯವುಗಳಿಗೆ ಹೋಗುತ್ತಿತ್ತು. ಪಂಜರದಲ್ಲಿ ಹಾಸಿದ ಹೊಟ್ಟಿನೊಳಗೆ ಕೈ ಹಾಕಿದೆ. ಜಿಗುಟಾದ ಒಂದು ತುಣುಕು ಸಿಕ್ಕಿತು. ಮೂಸಿದೆ. ಬೆಲ್ಲ, ಮೆಂತ್ಯ, ಕೊಬ್ಬರಿ, ಹುರಿದ ಅಗಸಿ ಬೀಜ. ನಮ್ಮಕ್ಕನ ಬಾಣಂತನದಲ್ಲಿ ಮನೆಯೆಲ್ಲ ತುಂಬಿದ್ದ ವಾಸನೆ.

“ಆಯಿ, ಇದೇನು?”

“ಅಂಟಿನುಂಡಿ” ಎಂದಳು ಭೀಮಬಾಯಿ, ಕಸಬರಿಗೆ ನಿಲ್ಲಿಸದೆ.

“ಇಲಿಗೆ ಅಂಟಿನುಂಡಿ ಕೊಟ್ಟೀ?”

“ಇಲಿಗೆ ಯಾಕ ಕೊಡ್ಲಿ? ಬಾಣಂತಿಗೆ ಕೊಟ್ಟೇನಿ.”

“ಇವು ದೊಡ್ಡ ಗಂಡುಗಳು!”

“ತಾಯಿ ತಿನ್ನೂದು ನೋಡಿ ಮಕ್ಕಳು ಕೇಳಂಗಿಲ್ಲೇನು? ಅವಕ್ಕೂ ಚೂರು ಚೂರು.”

ನನ್ನ ಧ್ವನಿ ಏರಿತು. “ಹಸಿರು ಚೀಟಿಯವಕ್ಕ ಅಷ್ಟೇ ಯಾಕ ಕೊಟ್ಟಿ?”

ಈಗ ಆಕೆ ಕಸಬರಿಗೆ ಕೆಳಗಿಟ್ಟು ಸೊಂಟಕ್ಕೆ ಕೈ ಇಟ್ಟಳು. “ಮತ್ತೇನ್ ಬೇ! ಕೆಂಪು ಚೀಟ್ಯಾವ್ರ ಮಕ್ಕಳಿಗೆ ನೀ ತುಟ್ಟಿ ಔಷಧ ಹಾಕ್ತಿ. ಇವ್ರ ಮಕ್ಕಳಿಗೆ ಬರೇ ಎಣ್ಣಿ. ಒಂದೇ ಮನ್ಯಾಗ ಇಬ್ಬರು ಸೊಸ್ತೇರು ಹಡದ್ರ ಒಬ್ಬಕಿಗೆ ದವಾಖಾನಿ, ಒಬ್ಬಕಿಗೆ ಎಣ್ಣಿ. ಇದು ಯಾವ ನ್ಯಾಯ? ನೀ ಸಣ್ಣಾಕಿ, ಬಾಣಂತನ ನಿನಗ ಏನ್ ತಿಳೀತದ? ಅದಕ್ಕ ನಾನೇ ಸರಿ ಮಾಡೀನಿ.”

ಅಯ್ಯೋ ದೇವರೇ! ಏನೂ ಕೊಡದೆ ಇಡಬೇಕಾದ್ದೇ ಕಂಟ್ರೋಲ್ ಎಂದು ನಾನು ಆಕೆಗೆ ಎಷ್ಟು ಸಲ ಹೇಳಿದ್ದೆ. ಏನೂ ಕೊಡದೆ ಇಟ್ಟಿದ್ದಾರೆ ಎಂಬುದಷ್ಟೇ ಆಕೆಯ ಕಿವಿಗೆ ಬಿದ್ದಿತ್ತು.

ಭೀಮಬಾಯಿಯನ್ನು ಕರೆದುಕೊಂಡು ಸರ್ ಹತ್ತಿರ ಹೋದೆ, ಅವರು ಆಗ ಊಟಕ್ಕೆ ಕೂತಿದ್ದರು. ಸಂಗತಿ ಕೇಳಿದವರೇ, “ಅಗಸ್ಯಾಗ ಹೆಣ್ಣು ಹಾರ್ಮೋನಿನಂಥಾದ್ದೇ ಅಂಶ ಇರ್ತದ. ತಾಯಿ ಹಾಲಿನ್ಯಾಗ ಇಳದು ಮರಿಗಳಿಗೆ ಮುಟ್ಟಿರಬೇಕು” ಎಂದರು. ಅಂದ ಮೇಲೆ ಅವರ ದೃಷ್ಟಿ ನಿಧಾನವಾಗಿ ತಮ್ಮ ಡಬ್ಬಿಗೆ ಇಳಿಯಿತು. ಎರಡು ಜೋಳದ ರೊಟ್ಟಿ, ಪಕ್ಕದಲ್ಲಿ ಗುಡ್ಡೆಯಷ್ಟು ಅಗಸಿ ಹಿಂಡಿ, ಅದೇ ಬೀಜದ ಚಟ್ನಿಪುಡಿ. ದಿನಾ ಅದೇ ಅವರ ಊಟ. ನಾನು ಗಡಬಡಿಸಿ, ಅದು ಎಳೆಮರಿಗಳಿಗಷ್ಟೇ, ಬೆಳೆದವರಿಗೆ ಏನೂ ಆಗುವುದಿಲ್ಲ ಎಂದೆ. ಸರ್ ಆದರೂ ಹಿಂಡಿಯನ್ನು ಒಂದು ಮೂಲೆಗೆ ಸರಿಸಿದರು.

“ನೀವು ಉಣ್ರಿ ಸರ್” ಎಂದಳು ಭೀಮಬಾಯಿ ಕಳಕಳಿಯಿಂದ. “ನಿಮ್ಮದೆಲ್ಲಾ ಮುಗದದಲ್ರಿ.”

ಸರ್ ಡಬ್ಬಿ ಮುಚ್ಚಿದರು. “ಒಂದೊಂದಕ್ಕ ಎಷ್ಟು ಕೊಟ್ಟಿ?”

“ತಿಂದಷ್ಟು ಸರ್.”

“ತೂಕ ಎಷ್ಟಂತ ಕೇಳಾಕತ್ತೇನಿ.”

“ಬಾಣಂತಿ ಮುಂದ ತಕ್ಕಡಿ ಇಡ್ತಾರೇನ್ರಿ?”

ಅಲ್ಲಿಗೆ ಆ ತಂಡದ ಕತೆ ಮುಗಿಯಿತು. ಎಷ್ಟು ತಿಂದವೆಂದೇ ಗೊತ್ತಿಲ್ಲದ ಮೇಲೆ ಆ ಲೆಕ್ಕ ಯಾವುದಕ್ಕೂ ಬರುವಂತಿರಲಿಲ್ಲ. ಸರ್ ನಿವೃತ್ತಿಯಾಗುವುದರೊಳಗೆ ಮತ್ತೊಂದು ತಂಡಕ್ಕೆ ಮಾತ್ರ ಸಮಯ ಉಳಿದಿತ್ತು. ಅದೂ ಕೆಟ್ಟರೆ ನನ್ನ ಪದವಿ ಹೋಯಿತು, ನಗುವ ಹುಡುಗನೂ ಹೋದ ಎಂದೇ ಲೆಕ್ಕ. ಸರ್ ಕಟ್ಟುನಿಟ್ಟಾಗಿ ಹೇಳಿದರು. “ಇವತ್ತಿನಿಂದ ಭೀಮಬಾಯಿ ಬಾಣಂತಿ ಕ್ವಾಣಿ ಹೊಸ್ತಿಲ ದಾಟಂಗಿಲ್ಲ.”

ಭೀಮಬಾಯಿ ಸೆರಗಿನ ಸಕ್ಕರೆ ಗಂಟನ್ನು ಬಿಚ್ಚಿ, ಕಿಟಕಿಯ ಮೇಲಿನ ಇರುವೆಗಳ ಮುಂದೆ ಸುರಿದು, ಹೊರಗೆ ಹೋದಳು. ಆಕೆಯ ಮೇಲೆ ನನಗೆ ಕೊಂದುಹಾಕುವಷ್ಟು ಸಿಟ್ಟಿತ್ತು. ಆದರೂ ಆಕೆ ಕಾರಿಡಾರು ದಾಟುವ ತನಕ ಆ ಬೆನ್ನನ್ನೇ ನೋಡಿದೆ. ಅತನೂರಿನಲ್ಲಿ ಗಾಡಿ ಬಂದು ಆಕೆಯ ಬಾಣಂತಿಯರನ್ನು ಒಯ್ದಿತು, ಇಲ್ಲಿ ನಾವು ಒಯ್ದೆವು.

ಮರುದಿನ ಬಂದು ನೋಡಿದರೆ ಹೊಸ್ತಿಲಿನ ಆಚೆ ಒಂದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಭೀಮಬಾಯಿ! ಕಾಲಿನ ಹೆಬ್ಬೆರಳು ಕೂಡ ಒಳಗೆ ಇಟ್ಟಿರಲಿಲ್ಲ. ಬಾಯಿ ಮಾತ್ರ ಪೂರಾ ಒಳಗೇ ಇತ್ತು. “ನೀರು ಕುಡದಾಳೇನು?” “ಆ ಮೂಲ್ಯಾಕಿ ಯಾಕ ಸೊರಗ್ಯಾಳ?” “ಗಾಳಿ ಬರ್ತದ ಬೇ, ಬಾಣಂತ್ಯಾರ ಕಿವಿಗೆ ಗಾಳಿ ಆಗಂಗಿಲ್ಲ, ಕಿಟಕಿ ಹಾಕು!” ನಾನೇ ಗುಡಿಸಿದೆ, ತೊಳೆದೆ, ನೀರಿಟ್ಟೆ. ಆಕೆ ದಿನಾ ಒಂದು ಡಬ್ಬಿ ಅಂಟಿನುಂಡಿ ಮಾಡಿ ತರುವುದನ್ನು ಮಾತ್ರ ಬಿಡಲಿಲ್ಲ. ಮುಚ್ಚಳ ತೆಗೆದು ನನಗೆ ತೋರಿಸಿ, “ನೋಡ್ಕೋ. ತಂದೇನಿ. ಕೊಟ್ಟಿಲ್ಲ” ಎಂದು ಮುಚ್ಚುವಳು. ಇಲಿಗಳಿಗೆ ಸಲ್ಲದ ಆ ಉಂಡೆಗಳನ್ನು ಕಾರಿಡಾರಿನಲ್ಲಿ ಹಂಚಿಬಿಡುವಳು. ಆ ವರ್ಷ ನಮ್ಮ ವಿಭಾಗದ ಗಂಡಸರೆಲ್ಲ ಹಸಿಬಾಣಂತಿಯರ ಹಾಗೆ ಮೈ ಕೈ ತುಂಬಿಕೊಂಡರು. ಸರ್ ಒಬ್ಬರೇ ಮುಟ್ಟಲಿಲ್ಲ.

ಹೊಸ ತಂಡದ ಮರಿಗಳು ಹುಟ್ಟಿದ ಐದನೇ ದಿನ ಸಂಜೆ ಆಕೆ ಸ್ಟೂಲಿನಿಂದ ಎದ್ದು ನಿಂತು, ಹೊಸ್ತಿಲಿನ ಮೇಲಿಂದ ಕೈ ಚಾಚಿದಳು. ಕೈಯಲ್ಲಿ ಹಾಳೆ, ಪೆನ್ನು, ಟಾರ್ಚು ಹೊತ್ತಿಸಿದ ಮೊಬೈಲು. “ಇದು ತಿನ್ನೂದಲ್ಲ. ಇದರಿಂದ ಏನೂ ಕೆಡಂಗಿಲ್ಲ. ಇಡ್ತಿ ಏನ್ ಬೇ, ಯವ್ವಾ?” ಭೀಮಬಾಯಿ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ತೆಗೆದುಕೊಂಡು ಪಂಜರಗಳ ಮುಂದೆ ಇಟ್ಟೆ. ಕೆಂಪು ಸಾಲು, ಹಸಿರು ಸಾಲು, ಎರಡರ ಮೇಲೂ ಬೆಳಕು ಬೀಳುವ ಹಾಗೆ ನೋಡಿ ಇಟ್ಟೆ.

ಆ ತಂಡ ಕೈ ಬಿಡಲಿಲ್ಲ. ಹಸಿರು ಚೀಟಿಯ ಗಂಡುಗಳು ಗಂಡಾದವು. ಕೆಂಪು ಚೀಟಿಯವು ಮೂಲೆಯಲ್ಲಿ ಕೂತು ಮಾರಿ ತಿಕ್ಕಿಕೊಂಡವು. ಸರ್ ನಿವೃತ್ತಿಗೆ ಮೊದಲೇ ಪ್ರಬಂಧ ಒಪ್ಪಿಸಿದೆ. ಕೃತಜ್ಞತೆಗಳ ಪುಟದಲ್ಲಿ ಭೀಮಬಾಯಿಯ ಹೆಸರು ನೋಡಿ ಸರ್, “ಇಕಿಗೆ ಯಾವುದಕ್ಕಂತ ಥ್ಯಾಂಕ್ಸ್?” ಎಂದು ಕೇಳಿದರು.

“ಹೊಸ್ತಿಲ ದಾಟದೇ ಇದ್ದದ್ದಕ್ಕ ಸರ್.”

ಸರ್ ಹೋದ ಮೇಲೆ ಇಲಿ ಕೋಣೆಗಳಿಗೆ ಬೀಗ ಬಿತ್ತು. ಭೀಮಬಾಯಿ ಅತನೂರಿಗೆ ಹೊರಟುಹೋದಳು. ನನ್ನ ಮದುವೆಗೆ ಬಂದು, ನಮ್ಮತ್ತೆಯ ಬಾಯಿಗೆ ಒತ್ತಾಯದಿಂದ ಸಕ್ಕರೆ ಹಾಕಿದಳು. ಯಾರು ಹಡೆದರೋ ಎಂದು ಅತ್ತೆ ಗಾಬರಿಯಾದರು. ಈಗ ಆಕೆ ಇಲ್ಲ. ಹೋದ ಸುದ್ದಿಯನ್ನು ಮಗ ಫೋನಿನಲ್ಲಿ ಹೇಳಿದ. ನಾನು ಆಕೆಯನ್ನು ಕಡೆಯ ಸಲ ನೋಡಿದ್ದು ಅದಕ್ಕೆ ಸ್ವಲ್ಪ ಮೊದಲು, ಜೇವರ್ಗಿಯ ನಮ್ಮ ತವರುಮನೆಯಲ್ಲಿ. ನಾನು ಹಡೆದು ನಾಲ್ಕು ದಿನವಾಗಿತ್ತು. ಗಂಡು ಕೂಸು.

ಪಡಸಾಲೆಯಲ್ಲಿ ಆಕೆಯ ದನಿ ಕೇಳಿಸಿತು. ಅವ್ವ “ಒಳಗ ಹೋಗ್ರಿ, ಅಲ್ಲೇ ಮಲಗ್ಯಾಳ” ಎಂದಳು. ಹೆಜ್ಜೆಗಳು ಬಾಗಿಲ ತನಕ ಬಂದವು, ನಿಂತವು. ತಲೆ ಎತ್ತಿ ನೋಡಿದೆ. ಭೀಮಬಾಯಿ ಹೊಸ್ತಿಲಿನ ಆಚೆ ನಿಂತಿದ್ದಳು. ಎರಡು ಬಸ್ಸು ಬದಲಿಸಿ ಬಂದ ಧೂಳು ಮೈಮೇಲೆ, ಕಂಕುಳಲ್ಲಿ ಸ್ಟೀಲಿನ ಡಬ್ಬಿ.

“ಯಾಕ ನಿಂತಿ ಆಯಿ? ಬಾ.”

“ಬರ್ಲೇನು?” ಎಂದಳು. “ಬಾಣಂತಿ ಕ್ವಾಣಿ ಅದ. ಕೇಳಿ ಬರೂದು ಚಲೋ.”

ನನಗೆ ನಗು ಬಂತು. ನಗುನಗುತ್ತಲೇ ಅಳು ಬಂತು. ಬಾ ಆಯಿ, ಬಾ ಎಂದು ಎರಡೂ ಕೈ ಚಾಚಿದೆ. ಆಕೆ ಹೊಸ್ತಿಲು ದಾಟಿ ಬಂದು, ಮೊದಲು ಕಿಟಕಿ ಹಾಕಿದಳು. ಆಮೇಲೆ ನನ್ನ ಕಿವಿಗೆ ಅರಿವೆ ಬಿಗಿದಳು, ಬಾಯಿಗೆ ಸಕ್ಕರೆ ಇಟ್ಟಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕೈಕಾಲು ನೀವಿದಳು. ಆಮೇಲೆ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು. ಒಳಗೆ ಅಂಟಿನುಂಡಿ.

ನಾನು ಡಬ್ಬಿಯನ್ನೂ ಕೂಸನ್ನೂ ನೋಡಿದೆ. ಒಂದು ಗಳಿಗೆ ಅಷ್ಟೇ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹೊಂದುವುದಿಲ್ಲವೆಂದು ಪ್ರಬಂಧದ ಕೊನೆಯಲ್ಲಿ ನಾನೇ ಬರೆದಿದ್ದೆ. ಆದರೂ ಕೈ ಮುಂದಾಗಲಿಲ್ಲ. ಭೀಮಬಾಯಿ ಅದನ್ನು ನೋಡಿದಳು.

“ತಿನ್ನು” ಎಂದಳು. “ಅಗಸಿ ಹಾಕಿಲ್ಲ.”

“ಖರೇ?”

“ನನ್ನ ಜನ್ಮದಾಗ ಅಗಸಿ ಇಲ್ಲದ ಉಂಡಿ ಕಟ್ಟಿದ್ದಿಲ್ಲ. ನಮ್ಮೂರ ಹೆಂಗಸ್ರೆಲ್ಲಾ ನಕ್ಕರು. ನಾ ಅಂದೆ, ನಿಮಗ ತಿಳಿಯಂಗಿಲ್ಲ ಸುಮ್ಕಿರ್ರಿ, ಅಕಿ ಕಂಟ್ರೋಲ್ ಅದಾಳ.”

ಅಗಸಿ ಇಲ್ಲದ ಅಂಟಿನುಂಡಿ ಚಪ್ಪಗಿತ್ತು. ಅಂಟಿಕೊಳ್ಳುವ ಗುಣವೂ ಇಲ್ಲದೆ ಕೈಯಲ್ಲೇ ಪುಡಿಯಾಗುತ್ತಿತ್ತು. ಆ ಡಬ್ಬಿಯನ್ನು ನಾನೊಬ್ಬಳೇ ತಿಂದು ಮುಗಿಸಿದೆ, ಯಾರಿಗೂ ಒಂದು ಚೂರು ಕೊಡಲಿಲ್ಲ.